ಖಿನ್ನತೆಗೆ ನೆರವು ಹುಡುಕಿದವನ ವಿಮರ್ಶೆ: ಎರಡನೆಯ ಭೇಟಿಯ ಅಳತೆಯಲ್ಲಿ

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆಯೇ ಇಲ್ಲ, ಏನಿದ್ದರೂ ಹುಬ್ಬಳ್ಳಿಗೋ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಮೊದಲ ದಿನದ ನೆರವು ಇಲ್ಲಿಯೇ ಸಿಗುತ್ತದೆ, ಅಗ್ಗವಾಗಿಯೂ ಸಿಗುತ್ತದೆ. ತೊಡಕು ಶುರುವಾಗುವುದು ಅದರ ನಂತರ. ಖಿನ್ನತೆಯು ಒಮ್ಮೆ ಗುಳಿಗೆ ತಂದು ನುಂಗಿದರೆ ಇಳಿಯುವ ಜ್ವರದಂಥದ್ದಲ್ಲವಾದ್ದರಿಂದ, ತಿಂಗಳುಗಟ್ಟಲೆ ನಡೆಯಬೇಕಾದ ಈ ಚಿಕಿತ್ಸೆಯಲ್ಲಿ ಎರಡನೆಯ ಸಲ ಹೋದಾಗ ಅವರಿಗೆ ನನ್ನ ಗುರುತು ಇತ್ತೇ, ಹಿಂದಿನ ಸಲ ಹೇಳಿದ್ದು ಎಲ್ಲಿಯಾದರೂ ಬರೆದಿತ್ತೇ, ಅಲ್ಲಿಂದ ಮುಂದಕ್ಕೆ ಮಾತು ಸಾಗಿತೇ ಎಂಬುದೇ ನನ್ನ ಮಟ್ಟಿಗೆ ಮುಖ್ಯ. ನಾನು ಬಳಸಿದ ಸೇವೆಗಳನ್ನು ಈ ಒಂದು ಅಳತೆಯಿಂದಲೇ ಇಲ್ಲಿ ನೋಡಿದ್ದೇನೆ.

ನಾನು ಗಂಗಾವತಿಯಲ್ಲಿ ಒಂದು ಸಹಕಾರಿ ಬ್ಯಾಂಕಿನ ನೌಕರ. ನಸುಕಿನಲ್ಲಿಯೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ರುಚಿಸದಿರುವುದು, ಕೌಂಟರಿನ ಮುಂದೆ ನಿಂತವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗದಿರುವುದು, ಇವು ವಾರಗಳಿಂದ ತಿಂಗಳುಗಳಿಗೆ ಬೆಳೆದಾಗ ಅವ್ವ ಮೊದಲು ಗಮನಿಸಿದಳು. "ಯಾಕೋ ತಮ್ಮಾ, ಮನಸಿಗೆ ಏನ್ ಹಚ್ಚಿಕೊಂಡೀ?" ಎಂದು ಅವಳು ಕೇಳಿದ್ದೇ ನನಗೆ ಆದ ಮೊದಲ ತಪಾಸಣೆ ಎನ್ನಬಹುದು. ಕುಗ್ಗಿದ ಮನಸ್ಸು ಅಥವಾ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವಿಕೆ, ಅದರ ಜೊತೆಗೆ ನಿದ್ದೆ, ಹಸಿವು, ದಣಿವು, ಏಕಾಗ್ರತೆಗಳಲ್ಲಿ ವ್ಯತ್ಯಾಸ, ತನ್ನ ಬಗ್ಗೆಯೇ ತಪ್ಪಿತಸ್ಥ ಭಾವನೆ, ಸಾವಿನ ಯೋಚನೆ ಮುಂತಾದವುಗಳಲ್ಲಿ ಹಲವು ಎರಡು ವಾರಗಳ ಕಾಲ ಹೆಚ್ಚುಕಡಿಮೆ ಪ್ರತಿದಿನವೂ ಇದ್ದರೆ ವೈದ್ಯರು ಅದನ್ನು ಖಿನ್ನತೆ ಎಂದು ಪರಿಗಣಿಸುತ್ತಾರೆ. ನಮ್ಮ ಕಡೆ ಇದನ್ನು ಯಾರೂ ಈ ಹೆಸರಿನಿಂದ ಹೇಳಿಕೊಂಡು ಆಸ್ಪತ್ರೆಗೆ ಹೋಗುವುದಿಲ್ಲ. ಎದೆ ಡವಗುಡುತ್ತದೆ, ಕೈಕಾಲು ಜುಮ್ಮೆನ್ನುತ್ತವೆ, ತಲೆ ಭಾರ, ಹೊಟ್ಟೆಯಲ್ಲಿ ಉರಿ ಎಂದೇ ಹೋಗುತ್ತಾರೆ.

ಹಾಗಾಗಿ ಬಹುತೇಕರ ಪಾಲಿಗೆ ಮೊದಲ ಸೇವೆ ಎಂದರೆ ಬಡಾವಣೆಯ ಸಾಮಾನ್ಯ ವೈದ್ಯರ ದವಾಖಾನೆ. ಅಲ್ಲಿ ನನಗೆ ಸಿಕ್ಕಿದ್ದು ಒಂದು ಸಲಾಯಿನ್ ಬಾಟಲಿ, ಶಕ್ತಿಗೆಂದು ವಿಟಮಿನ್ ಸೂಜಿ, ನಿದ್ದೆಗೆ ಕೆಲವು ಗುಳಿಗೆ. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿದ್ದು ಮಾತ್ರ ನಿಜಕ್ಕೂ ಉಪಯೋಗವಾಯಿತು, ಏಕೆಂದರೆ ಥೈರಾಯ್ಡ್ ಗ್ರಂಥಿ ಮಂದವಾದರೂ ಇದೇ ಬಗೆಯ ಲಕ್ಷಣಗಳು ಕಾಣಿಸಿಕೊಳ್ಳಬಹುದು, ಅದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ನಿದ್ದೆಯ ಗುಳಿಗೆಯ ವಿಷಯದಲ್ಲಿ ಓದುಗರು ಎಚ್ಚರದಿಂದಿರಬೇಕು. ಆ ಜಾತಿಯ ಹಲವು ಔಷಧಿಗಳು ಖಿನ್ನತೆಯನ್ನು ಗುಣಪಡಿಸುವುದಿಲ್ಲ, ದಿನವೂ ತೆಗೆದುಕೊಂಡರೆ ಅಭ್ಯಾಸವಾಗಿಬಿಡುತ್ತವೆ. ಎರಡನೆಯ ಭೇಟಿಯಲ್ಲಿ ಅದೇ ಬಾಟಲಿ, ಅದೇ ಗುಳಿಗೆ. ಮನಸ್ಸು ಹೇಗಿದೆ ಎಂಬ ಪ್ರಶ್ನೆ ಎರಡೂ ಸಲ ಬರಲಿಲ್ಲ.

ಅಲ್ಲಿಂದ ಮುಂದೆ ನಾನು ಬಳಸಿದ್ದು 14416. ಇದು ಟೆಲಿ ಮಾನಸ್ ಎಂಬ ಕೇಂದ್ರ ಸರ್ಕಾರದ ಉಚಿತ ದೂರವಾಣಿ ಸೇವೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮಾರ್ಗದರ್ಶಕ ಸಂಸ್ಥೆ. ದಿನದ ಎಲ್ಲ ಹೊತ್ತಿನಲ್ಲಿಯೂ ತೆರೆದಿರುತ್ತದೆ, ಕರೆ ಮಾಡಿದ ಮೇಲೆ ಕನ್ನಡವನ್ನು ಆರಿಸಿಕೊಳ್ಳಬಹುದು. ಮೊದಲು ಮಾತನಾಡುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಅವರಿಗೆ ಅಗತ್ಯವೆನಿಸಿದರೆ ತಜ್ಞರಿಗೆ ದಾಟಿಸುತ್ತಾರೆ ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು ಸೂಚಿಸುತ್ತಾರೆ. ನಸುಕಿನ ಹೊತ್ತಿನಲ್ಲಿ, ಮನೆಯವರೆಲ್ಲ ಮಲಗಿರುವಾಗ, ಮಾಳಿಗೆಯ ಮೇಲೆ ನಿಂತು ಮಾಡಿದ ಕರೆಗೆ ಆ ಕಡೆಯಿಂದ ಬಂದ ದನಿ ಅವಸರ ತೋರಿಸಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಹೆಸರು ಹೇಳಲೇಬೇಕೆಂದು ಒತ್ತಾಯಿಸಲಿಲ್ಲ, ಉಪದೇಶ ಮಾಡಲಿಲ್ಲ. ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿ, ಮುಜುಗರವಿಲ್ಲದೆ ಕೇಳಿದರು. ಆ ಪ್ರಶ್ನೆಯನ್ನು ಕೇಳಿದರೆ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ ಜನರಿಗೆ ಇದೆ. ಅದು ಆಧಾರವಿಲ್ಲದ ಭಯ. ಕೇಳಿಸಿಕೊಂಡವನಿಗೆ ಎದೆಯ ಭಾರ ಇಳಿಯುವುದೇ ಹೆಚ್ಚು.

ಆದರೆ 14416 ಎಂಬುದು ಸಹಾಯವಾಣಿ. ವಾರ ವಾರವೂ ಅದೇ ಚಿಕಿತ್ಸಕರು ಕೂತು ನಡೆಸುವ ಮಾತಿನ ಚಿಕಿತ್ಸೆಗೆ ಅದು ಬದಲಿಯಲ್ಲ, ಹಾಗೆಂದು ಅದು ಹೇಳಿಕೊಳ್ಳುವುದೂ ಇಲ್ಲ. ಬಾಗಿಲು ಎಲ್ಲಿದೆ ಎಂದು ತಿಳಿಯಲು, ಇರುಳು ಕಳೆಯುವುದು ಕಷ್ಟವಾದಾಗ ಹಿಡಿದುಕೊಳ್ಳಲು, ಮನೆಯ ಇನ್ನೊಬ್ಬರ ಬಗ್ಗೆ ಏನು ಮಾಡಬೇಕೆಂದು ಕೇಳಲು ಇದಕ್ಕಿಂತ ಸುಲಭದ ದಾರಿ ನಮ್ಮ ಮೂರು ಜಿಲ್ಲೆಗಳಲ್ಲಿ ನನಗೆ ಕಂಡಿಲ್ಲ. ಮನೆಯಲ್ಲಿ ಒಂದೇ ಫೋನ್ ಇದ್ದು ಅದು ಗಂಡಸರ ಕೈಯಲ್ಲಿಯೇ ಇರುವ ಹಳ್ಳಿಯ ಹೆಣ್ಣುಮಕ್ಕಳಿಗೆ ಈ ಸೌಲಭ್ಯ ಎಷ್ಟರ ಮಟ್ಟಿಗೆ ಮುಟ್ಟೀತು ಎಂಬುದು ಬೇರೆಯೇ ಪ್ರಶ್ನೆ.

ಮುಂದಿನದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಇದಲ್ಲದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಗಳಿವೆ, ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯೂ ಕರ್ನಾಟಕದಲ್ಲಿದೆ. ನಾನು ಹೋದ ಆಸ್ಪತ್ರೆ ಯಾವುದೆಂದು ಬರೆಯುವುದಿಲ್ಲ, ಏಕೆಂದರೆ ನನ್ನ ಆಕ್ಷೇಪ ಒಂದು ಕಟ್ಟಡದ ಬಗ್ಗೆ ಅಲ್ಲ. ಚೀಟಿ ಮಾಡಿಸಿದ ಖರ್ಚು ಒಂದು ಚಹಾದಷ್ಟು. ಮನೋವೈದ್ಯರು ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿಯಿಂದ ಕೇಳಿದರು. ಪಿಎಚ್‌ಕ್ಯೂ-9 ಎಂಬ ಈ ಪಟ್ಟಿಯಲ್ಲಿ ಒಟ್ಟು 27 ಅಂಕಗಳು, ಅಂಕ ಹೆಚ್ಚಿದಷ್ಟೂ ಖಿನ್ನತೆ ತೀವ್ರ. ನನ್ನದು ಮಧ್ಯಮದಿಂದ ಮೇಲಕ್ಕಿತ್ತು. ಗುಳಿಗೆ ಬರೆದುಕೊಟ್ಟು ಅವರು ಹೇಳಿದ ಮಾತುಗಳು ಸ್ಪಷ್ಟವಾಗಿದ್ದವು. ಪರಿಣಾಮ ಕಾಣಲು ಎರಡರಿಂದ ಆರು ವಾರ ಬೇಕು, ಮೊದಲ ದಿನಗಳಲ್ಲಿ ವಾಕರಿಕೆ, ಚಡಪಡಿಕೆ ಆಗಬಹುದು, ಆ ಹೊತ್ತಿನಲ್ಲಿ ಕೆಟ್ಟ ಯೋಚನೆ ಹೆಚ್ಚಿದರೆ ಕಾಯದೆ ಬರಬೇಕು, ಆರಾಮಾಯಿತೆಂದು ತಾನಾಗಿಯೇ ನಿಲ್ಲಿಸಬಾರದು, ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ. ಇಷ್ಟನ್ನು ಐದಾರು ನಿಮಿಷದಲ್ಲಿ ಹೇಳಿದರು. ಹೊರಗೆ ಕಾಯುತ್ತಿದ್ದ ಸಾಲನ್ನು ನೋಡಿದರೆ ಅದಕ್ಕಿಂತ ಹೆಚ್ಚು ಹೊತ್ತು ಅವರ ಕೈಯಲ್ಲಿರಲಿಲ್ಲ ಎಂಬುದು ಯಾರಿಗಾದರೂ ತಿಳಿಯುತ್ತದೆ.

ನನಗೆ ಕಷ್ಟವಾದದ್ದು ಬಾಗಿಲ ಹೊರಗೆ. ಹೆಸರು ಕೂಗುವ ಸಿಬ್ಬಂದಿ, ಎಲ್ಲರ ಎದುರಿಗೆ "ಏನ್ ತ್ರಾಸು?" ಎಂದು ಕೇಳುತ್ತಿದ್ದರು. ಅದೇ ಬೆಂಚಿನ ಮೇಲೆ ಸಾಲದ ಕಂತು ಕಟ್ಟಲು ನಮ್ಮ ಕೌಂಟರಿಗೆ ಬರುವ ರೈತರೊಬ್ಬರು ಮಗನನ್ನು ಕರೆದುಕೊಂಡು ಬಂದು ಕೂತಿದ್ದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಯೂ ನೋಡದಂತೆ ಇದ್ದೆವು. 'ಹುಚ್ಚರ ದವಾಖಾನಿ' ಎಂಬ ಮಾತು ಇನ್ನೂ ಹೋಗದ ಊರುಗಳಲ್ಲಿ ಒಂದು ಪರದೆ, ಒಂದು ಟೋಕನ್ ಸಂಖ್ಯೆ, ಇಷ್ಟರಿಂದಲೇ ಎಷ್ಟೋ ಜನ ಮರಳಿ ಬರುವಂತಾಗುತ್ತದೆ. ಇದಕ್ಕೆ ಬೇಕಾಗುವ ಹಣ ಏನೂ ಅಲ್ಲ.

ಎರಡನೆಯ ಭೇಟಿಗೆ ಹೋದಾಗ ಬೇರೆ ವೈದ್ಯರಿದ್ದರು. ಹಳೆಯ ಚೀಟಿಯಲ್ಲಿ ಗುಳಿಗೆಯ ಹೆಸರಿನ ಹೊರತು ಬೇರೇನೂ ಇರಲಿಲ್ಲ. ಮೊದಲಿಂದ ಎಲ್ಲವನ್ನೂ ಹೇಳಬೇಕಾಯಿತು. ಹೇಳಿ ಮುಗಿಸುವಷ್ಟರಲ್ಲಿ ನನ್ನ ಸರದಿಯ ಹೊತ್ತು ಮುಗಿದಿತ್ತು. ಮೂರನೆಯ ಸಲವೂ ಹಾಗೆಯೇ ಆಯಿತು. ಹಿಂದಿನ ಪುಟದ ಶಿಲ್ಕನ್ನು ಮುಂದಿನ ಪುಟಕ್ಕೆ ತಾರದೆ ಬರೆದ ಲೆಕ್ಕದ ಪುಸ್ತಕವನ್ನು ನಮ್ಮ ಬ್ಯಾಂಕಿನಲ್ಲಿ ಯಾವ ತನಿಖಾಧಿಕಾರಿಯೂ ಒಪ್ಪುವುದಿಲ್ಲ. ಗುಳಿಗೆ ಮಾತ್ರ ಸರಿಯಾಗಿತ್ತು ಮತ್ತು ಉಚಿತವಾಗಿತ್ತು, ಕೆಲವು ವಾರಗಳಲ್ಲಿ ನಿದ್ದೆ ಮರಳಿತು. ಆದ್ದರಿಂದ ಔಷಧಿಗೆ ಈ ಸೇವೆಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯದೆ ಇರಲಾಗುವುದಿಲ್ಲ. 1982ರಲ್ಲಿ ದೇಶ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿದ ಮೇಲೆ, ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ತೋರಿಸುವ ಪ್ರಯೋಗಕ್ಕೆ ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ನಡೆದ ಆ ಕೆಲಸದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಮನಸ್ಸಿನ ಕಾಯಿಲೆ ಮತ್ತು ಮೂರ್ಛೆ ರೋಗಕ್ಕೆ ಬೇಕಾದ ಕೆಲವೇ ಅಗತ್ಯ ಔಷಧಿಗಳು ಆ ಕೇಂದ್ರಗಳಲ್ಲಿಯೇ ಸಿಗುವಂತೆ ಮಾಡಿದರು. ಪ್ರತಿ ರೋಗಿಗೂ ಒಂದು ಸರಳ ದಾಖಲೆ, ತಿಂಗಳಿಗೊಮ್ಮೆ ವರದಿ, ಆ ವರದಿಯ ಮೇಲೆ ಮೇಲ್ವಿಚಾರಣೆ ಎಂಬ ಕ್ರಮವನ್ನು ಇಟ್ಟರು. ಇದಕ್ಕೆ ಬಳ್ಳಾರಿ ಮಾದರಿ ಎಂದೇ ಹೆಸರಾಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೇ ಅಚ್ಚಿನಲ್ಲಿ ದೇಶದ ಜಿಲ್ಲೆಗಳಿಗೆ ಹರಡಿತು. ರೋಗಿಯ ದಾಖಲೆ ಆ ಮಾದರಿಯ ಅಲಂಕಾರವಾಗಿರಲಿಲ್ಲ, ಅದರ ಕಂಬಗಳಲ್ಲೊಂದಾಗಿತ್ತು. ದೇಶಕ್ಕೆ ಈ ಪಾಠ ಹೇಳಿಕೊಟ್ಟ ಸೀಮೆಯಲ್ಲಿಯೇ ಇಂದು ರೋಗಿ ತನ್ನ ಕಥೆಯನ್ನು ಪ್ರತಿ ಸಲವೂ ಮೊದಲಿಂದ ಹೇಳಬೇಕಾಗಿರುವುದು ನನಗೆ ಬೇಸರದ ವಿಷಯ.

ಖಾಸಗಿ ಮನೋವೈದ್ಯರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಶುಲ್ಕ ಕೊಡಬಹುದಾದಷ್ಟೇ ಇತ್ತು, ಒಬ್ಬರೇ ವೈದ್ಯರು, ಕಡತ ಇಡುತ್ತಾರೆ, ಎರಡನೆಯ ಸಲ ಹೋದಾಗ ಗುರುತು ಹಿಡಿದರು. ಔಷಧಿಯ ಪ್ರಮಾಣವನ್ನು ಏಕೆ ಬದಲಿಸುತ್ತಿದ್ದೇನೆ ಎಂದೂ ಹೇಳಿದರು. ಮಾತಿನ ಚಿಕಿತ್ಸೆಯನ್ನು ಕೇಳಿದಾಗ, ಅದನ್ನು ನಡೆಸುವವರು ತಮ್ಮಲ್ಲಿ ಇಲ್ಲವೆಂದು ಒಪ್ಪಿಕೊಂಡರು. ಇಲ್ಲದ್ದನ್ನು ಇದೆ ಎನ್ನದ ಆ ಪ್ರಾಮಾಣಿಕತೆಗೆ ನಾನು ಬೆಲೆ ಕೊಡುತ್ತೇನೆ.

ಮಾತಿನ ಚಿಕಿತ್ಸೆಯನ್ನು ಹುಡುಕುವಾಗ ಯಾರು ಯಾರೆಂಬುದು ಮೊದಲು ತಿಳಿದಿರಬೇಕು, ಏಕೆಂದರೆ ಫಲಕಗಳ ಮೇಲೆ ಎಲ್ಲರೂ ಒಂದೇ ಆಗಿ ಕಾಣುತ್ತಾರೆ. ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧಿ ಬರೆಯುವ ಅಧಿಕಾರವುಳ್ಳವರು. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಆಸ್ಪತ್ರೆಯಲ್ಲಿ ವಿಶೇಷ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು; ಔಷಧಿ ಕೊಡುವುದಿಲ್ಲ, ಮಾತಿನ ಚಿಕಿತ್ಸೆ ಅವರ ಕಸುಬು. ಆಪ್ತಸಮಾಲೋಚಕರು ಎಂಬ ಹೆಸರಿನ ಕೆಳಗೆ ಒಳ್ಳೆಯ ತರಬೇತಿಯುಳ್ಳವರೂ ಇದ್ದಾರೆ, ವಾರಾಂತ್ಯದ ಪ್ರಮಾಣಪತ್ರ ಹಿಡಿದವರೂ ಇದ್ದಾರೆ. ನಮ್ಮ ಭಾಗದಲ್ಲಿ ಒಬ್ಬರು ಮೊದಲ ಭೇಟಿಯಲ್ಲಿಯೇ ಗುಳಿಗೆಗಳನ್ನೆಲ್ಲ ಬಿಟ್ಟುಬಿಡಿ, ಸಕಾರಾತ್ಮಕವಾಗಿ ಯೋಚಿಸಿ ಎಂದು ಹೇಳಿದರು. ಅಲ್ಲಿಂದ ಎದ್ದು ಬಂದೆ. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ; ಪರಿಷತ್ತಿನ ಜಾಲತಾಣದಲ್ಲಿ ಹೆಸರು ಹಾಕಿ ಪರೀಕ್ಷಿಸಲೂಬಹುದು. ಸರಿಯಾದ ತರಬೇತಿಯುಳ್ಳವರು ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಗಂಗಾವತಿಯಲ್ಲಿ ಕೂತು ಅಂಥವರನ್ನು ಹುಡುಕುವುದೆಂದರೆ ಕೊನೆಗೆ ವಿಡಿಯೋ ಕರೆಯೇ ಗತಿ. ಮೊದಲು ಒಂದು ಆನ್‌ಲೈನ್ ಸಂಸ್ಥೆಯ ಮೂಲಕ ಹೋದೆ. ಕನ್ನಡ ಬರುತ್ತದೆ ಎಂದು ಬರೆದಿದ್ದರು. ಬಂದವರ ಕನ್ನಡ ಎರಡು ವಾಕ್ಯಕ್ಕೆ ಮುಗಿದು ಇಂಗ್ಲಿಷಿಗೆ ಹೊರಳಿತು. ಮುಂದಿನ ಸಲ ನನಗೆ ತಿಳಿಸದೆಯೇ ಬೇರೆಯವರನ್ನು ಕೂರಿಸಿದ್ದರು. ಮುಂಗಡವಾಗಿ ಕಟ್ಟಿಸಿಕೊಂಡ ಹಣ ಮರಳಿ ಬರಲು ಬಹಳ ಪತ್ರವ್ಯವಹಾರ ಬೇಕಾಯಿತು. ನನ್ನ ಅಳತೆಯಲ್ಲಿ ಎಲ್ಲಕ್ಕಿಂತ ಕೆಳಗೆ ನಿಲ್ಲುವುದು ಈ ಸೇವೆಯೇ, ಆದರೂ ಅದರ ಜಾಹೀರಾತು ಎಲ್ಲಕ್ಕಿಂತ ಚೆನ್ನಾಗಿದೆ.

ಕಡೆಗೆ ನೆಲೆ ನಿಂತದ್ದು ಪರಿಚಿತರೊಬ್ಬರು ಸೂಚಿಸಿದ, ನೋಂದಾಯಿತ ಕ್ಲಿನಿಕಲ್ ಮನಶ್ಶಾಸ್ತ್ರಜ್ಞೆಯೊಬ್ಬರಲ್ಲಿ. ಅವರು ಉತ್ತರ ಕರ್ನಾಟಕದವರೇ ಆದ್ದರಿಂದ "ಜೀವಕ್ಕ ಬ್ಯಾಸರಾಗೈತಿ ಮೇಡಂ" ಎಂದರೆ ಅದನ್ನು ಇನ್ನೊಂದು ಮಾತಿಗೆ ತಿರುಗಿಸಿ ಹೇಳಬೇಕಾಗುತ್ತಿರಲಿಲ್ಲ. ಒಂದು ಭೇಟಿಗೆ ಸುಮಾರು ಮುಕ್ಕಾಲು ಗಂಟೆ, ಶುಲ್ಕ ಸಾವಿರ ರೂಪಾಯಿಯ ಆಸುಪಾಸು. ನಮ್ಮ ಸಂಬಳಕ್ಕೆ ಇದು ಸಣ್ಣದಲ್ಲ. ಆದರೆ ಎರಡನೆಯ ಭೇಟಿಯ ಮೊದಲ ವಾಕ್ಯದಲ್ಲಿಯೇ, ಕಳೆದ ವಾರ ನಾನು ಅರ್ಧಕ್ಕೆ ಬಿಟ್ಟ ಮಾತನ್ನು ಅವರು ಎತ್ತಿಕೊಂಡರು. ಬರೆದಿಟ್ಟುಕೊಂಡಿದ್ದರು.

ಅವರು ಬಳಸಿದ ಕ್ರಮ ಸರಳವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬಹುದು. ಖಿನ್ನತೆಯಲ್ಲಿರುವವನು ಮನಸ್ಸಿಲ್ಲವೆಂದು ಕೆಲಸಗಳನ್ನು ಬಿಡುತ್ತಾ ಹೋಗುತ್ತಾನೆ. ಬಿಟ್ಟಷ್ಟೂ ದಿನದಲ್ಲಿ ಸಂತೋಷ ಕೊಡುವ, ಸಾಧಿಸಿದೆನೆನಿಸುವ ಸಂಗತಿಗಳು ಕಡಿಮೆಯಾಗಿ ಮನಸ್ಸು ಮತ್ತಷ್ಟು ಕುಗ್ಗುತ್ತದೆ. ಆದ್ದರಿಂದ ಮನಸ್ಸು ಬರಲಿ ಎಂದು ಕಾಯದೆ, ಚಿಕ್ಕ ಕೆಲಸಗಳನ್ನು ಹೊತ್ತು ಗೊತ್ತುಮಾಡಿಕೊಂಡು ಮಾಡುವುದು, ಮಾಡಿದ ಮೇಲೆ ಹೇಗೆನಿಸಿತೆಂದು ಹತ್ತಕ್ಕೆ ಅಂಕ ಕೊಟ್ಟು ಬರೆಯುವುದು. ನನ್ನ ಪಟ್ಟಿಯಲ್ಲಿ ಮೊದಲ ವಾರ ಇದ್ದದ್ದು ಬೆಳಗ್ಗೆ ಕಾಲುವೆಯ ದಂಡೆಯವರೆಗೆ ನಡೆದು ಬರುವುದು, ತಮ್ಮನಿಗೆ ಫೋನ್ ಮಾಡುವುದು, ಇಷ್ಟೇ. ಅಂಕಗಳು ಒಂದು, ಎರಡು ಎಂದೇ ಇದ್ದವು. ಅವರು ಆ ಅಂಕಗಳನ್ನು ಹೊಗಳಲಿಲ್ಲ, ತೆಗಳಲಿಲ್ಲ. ಯಾವ ದಿನ ಎರಡು ಬಂತು, ಅಂದು ಬೇರೆ ಏನಿತ್ತು ಎಂದು ಕೆದಕಿದರು. ತಮ್ಮನೊಂದಿಗೆ ಮಾತನಾಡಿದ ದಿನಗಳೇ ಅವು ಎಂದು ಹೊರಬಿತ್ತು. ಮುಂದಿನ ವಾರದ ಪಟ್ಟಿ ಆ ಸುಳಿವಿನಿಂದ ಬೆಳೆಯಿತು.

ಹುಲಿಗೆಮ್ಮನ ಹುಣ್ಣಿಮೆಗೆ ಹರಕೆ ತೀರಿಸಲು ಅವ್ವ ನನ್ನನ್ನು ಕರೆಯುತ್ತಿದ್ದಾಳೆ, ಹೋಗುವುದೋ ಬಿಡುವುದೋ ಎಂದು ಒಮ್ಮೆ ಕೇಳಿದ್ದೆ. ಓದಿದವರು ನಗಬಹುದೆಂಬ ಅಳುಕಿತ್ತು. "ಹೋಗಿ ಬರ್ರಿ ಸರ್, ಅದನ್ನೂ ಪಟ್ಟಿಗೆ ಸೇರಿಸ್ರಿ, ಗುಳಿಗಿ ಮಾತ್ರ ತಪ್ಪಿಸಬ್ಯಾಡ್ರಿ" ಎಂದರು. ದೇವರನ್ನೂ ಔಷಧಿಯನ್ನೂ ಎದುರುಬದುರಾಗಿ ನಿಲ್ಲಿಸದ ಆ ಜಾಣ್ಮೆ, ಚಿಕಿತ್ಸಕರು ನಮ್ಮ ನೆಲವನ್ನು ಬಲ್ಲವರಾದರೆ ಮಾತ್ರ ಬರುವಂಥದ್ದು.

ಇಂಥ ಚಿಕಿತ್ಸೆ ಹಣವುಳ್ಳವರಿಗೆ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆಯವರು ಇದೇ ತಿರುಳಿನ ಚಿಕಿತ್ಸೆಯನ್ನು ವೃತ್ತಿಪರರಲ್ಲದ, ಆದರೆ ತರಬೇತಿ ಪಡೆದ ಸ್ಥಳೀಯರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಭೇಟಿಗಳಲ್ಲಿ ಕೊಡಿಸಿ ಪರೀಕ್ಷಿಸಿದರು. ಫಲಿತಾಂಶ ಒಳ್ಳೆಯದಾಗಿತ್ತು, 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗೋವಾದಲ್ಲಿ ಆದದ್ದು ಕುಷ್ಟಗಿಯಲ್ಲೋ ಸಿಂಧನೂರಿನಲ್ಲೋ ಆಗಬಾರದೆಂದೇನಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಖಿನ್ನತೆಯುಳ್ಳವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆ ಮುಟ್ಟಿಲ್ಲ. ಬೆರಳೆಣಿಕೆಯ ತಜ್ಞರನ್ನೇ ನೆಚ್ಚಿಕೊಂಡು ಈ ಕೊರತೆಯನ್ನು ತುಂಬಲಾಗದು.

ಕಾನೂನಿನ ಎರಡು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು, ನಿಮ್ಮ ವೈದ್ಯಕೀಯ ದಾಖಲೆಯನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ, ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ರಕ್ಷಣೆ ಕೊಡಬೇಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ಒಯ್ಯಲು ಹಿಂಜರಿಯುವ ಮನೆಗಳಿಗೆ ಇದು ತಿಳಿದಿರಬೇಕು.

ಯಾರಿಗೆ ಯಾವುದು ಎಂದು ಕೇಳಿದರೆ ನನ್ನ ತೀರ್ಪು ಹೀಗಿದೆ. ಎಲ್ಲಿಂದ ಶುರುಮಾಡಬೇಕೆಂದು ತೋಚದವರು 14416ಕ್ಕೆ ಕರೆ ಮಾಡಲಿ. ರೋಗನಿರ್ಣಯಕ್ಕೂ ಔಷಧಿಗೂ ಸರ್ಕಾರಿ ಆಸ್ಪತ್ರೆಯೇ ಸಾಕು, ಆದರೆ ನಲವತ್ತು ಪುಟದ ಒಂದು ನೋಟುಪುಸ್ತಕವನ್ನು ನೀವೇ ಇಟ್ಟುಕೊಳ್ಳಿ: ಯಾವ ತಾರೀಖು, ಯಾವ ಗುಳಿಗೆ, ನಿದ್ದೆ ಎಷ್ಟು, ಏನು ಹೇಳಿದಿರಿ, ವೈದ್ಯರು ಏನು ಹೇಳಿದರು. ನಾನು ಹಾಗೆ ಮಾಡಲು ತೊಡಗಿದ ಮೇಲೆ ಹೊಸ ವೈದ್ಯರೂ ಐದು ನಿಮಿಷದಲ್ಲಿ ಉಪಯುಕ್ತವಾದದ್ದನ್ನು ಹೇಳುವಂತಾಯಿತು. ಆಸ್ಪತ್ರೆ ಮಾಡಬೇಕಾದ ಕೆಲಸವನ್ನು ರೋಗಿ ಮಾಡಬೇಕಾಗಿರುವುದು ನ್ಯಾಯವಲ್ಲ, ಆದರೆ ಸದ್ಯಕ್ಕೆ ಅದು ಕೆಲಸ ಮಾಡುತ್ತದೆ. ಖರ್ಚು ತಡೆಯುವವರು ಅದರ ಜೊತೆಗೆ ನೋಂದಾಯಿತ ಮನಶ್ಶಾಸ್ತ್ರಜ್ಞರೊಬ್ಬರನ್ನು ಹಿಡಿಯಲಿ. ಹಣ ಕಟ್ಟುವ ಮೊದಲೇ ಫೋನಿನಲ್ಲಿ ನೋಂದಣಿ ಸಂಖ್ಯೆ, ಮಾತನಾಡುವ ಭಾಷೆ, ಪ್ರತಿ ಸಲವೂ ಅವರೇ ಇರುತ್ತಾರೆಯೇ ಎಂಬ ಮೂರನ್ನು ಕೇಳಿಕೊಳ್ಳಲಿ.

ಹೊಲವಿರುವ ಮನೆಗಳಿಗೆ ಇನ್ನೊಂದು ಮಾತು. ಮನೆಯಲ್ಲಿ ಯಾರಾದರೂ ಸಾವಿನ ಮಾತಾಡುತ್ತಿದ್ದರೆ ಹತ್ತಿಗೆ, ಭತ್ತಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಡಬ್ಬಿಗಳನ್ನು ಮನೆಯಿಂದ ಹೊರಗೆ, ಬೇರೆಯವರ ಬೀಗದಲ್ಲಿ ಇಡಿ, ಗುಳಿಗೆಯ ಪಾಕೀಟನ್ನೂ ಇನ್ನೊಬ್ಬರೇ ಇಟ್ಟುಕೊಂಡು ದಿನದ ಲೆಕ್ಕಕ್ಕೆ ಕೊಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಅಪಾಯ ಎದುರಿಗೇ ಇದೆ ಎನಿಸಿದರೆ ಮಂಗಳವಾರದ ಸರದಿಗೆ ಕಾಯದೆ 112ಕ್ಕೆ ಕರೆ ಮಾಡಿ ಅಥವಾ ನೇರವಾಗಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ; ಅಲ್ಲಿಗೆ ಹೋಗಲು ಯಾರ ಚೀಟಿಯೂ ಬೇಕಾಗಿಲ್ಲ.